ಕಿಸುಕಾಡು 70: ಕಲ್ಲಿನ ಮೇಲೊಂದು ರೆಡ್ಯೂಸ್

ಪ್ರೋಗ್ರಾಂ ಬರೆಯೋ ಗೆಳೆಯರಿಗೆ 'ರೆಡ್ಯೂಸ್' ಹೊಸದಲ್ಲ. ಉಳಿದವರಿಗಾಗಿ ಎರಡು ಮಾತು. 4, 7, 2 ಅಂತ ಒಂದು ಪಟ್ಟಿ ಇದೆ ಅಂದುಕೊಳ್ಳಿ. ಸೊನ್ನೆಯಿಂದ ಶುರು ಮಾಡಿ ಒಂದೊಂದನ್ನೇ ಕೂಡುತ್ತಾ ಹೋದರೆ ಕೊನೆಗೆ ಕೈಯಲ್ಲಿ ಉಳಿಯೋದು 13. ಕೂಡೋ ಬದಲು ಬರೀ ಎಣಿಸಿದರೆ 3. ದೊಡ್ಡದನ್ನು ಮಾತ್ರ ಇಟ್ಟುಕೊಂಡರೆ 7. ಪಟ್ಟಿ ಎಷ್ಟೇ ಉದ್ದ ಇರಲಿ, ಕೊನೆಗೆ ಒಂದೇ ಬೆಲೆ. ಕೆನೆತ್ ಐವರ್ಸನ್ 1962ರ ತನ್ನ 'ಎ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್' ಪುಸ್ತಕದಲ್ಲಿ ಇದನ್ನು 'ರಿಡಕ್ಷನ್' ಅಂತ ಕರೆದು, ಅದಕ್ಕೊಂದು ಓರೆಗೆರೆಯ ಚಿಹ್ನೆ ಕೊಟ್ಟ. ಕೂಡುವ ಚಿಹ್ನೆಯ ಪಕ್ಕ ಆ ಗೆರೆ ಬಂದರೆ ಇಡೀ ಪಟ್ಟಿಯ ಮೊತ್ತ, ಗುಣಿಸುವ ಚಿಹ್ನೆಯ ಪಕ್ಕ ಬಂದರೆ ಗುಣಲಬ್ಧ.

ಇದೇ ಕೆಲಸ ರೋಣ, ನರಗುಂದ, ಗಜೇಂದ್ರಗಡದ ಸುತ್ತಲಿನ ಎರಿ ಸೀಮೆಯಲ್ಲಿ ಸಾವಿರ ವರ್ಷದ ಹಿಂದೆಯೇ ಕಲ್ಲಿನ ಮೇಲೆ ನಡೆದಿತ್ತು. ಚಾಲುಕ್ಯರ ಕಾಲದ ಶಾಸನಗಳಲ್ಲಿ ನಾಡಿನ ಹೆಸರಿನ ಬೆನ್ನಿಗೇ ಒಂದು ಸಂಖ್ಯೆ ಇರುತ್ತೆ. ಬೆಳ್ವೊಲ 300, ಕಿಸುಕಾಡು 70, ನರೇಗಲ್ 12. ಗಜೇಂದ್ರಗಡದ ಹತ್ತಿರದ ಸೂಡಿಯಲ್ಲಿ ಸಿಕ್ಕ 1010ರ ಶಾಸನದಲ್ಲಿ ಚಾಲುಕ್ಯ ಮನೆತನದ ಅಕ್ಕಾದೇವಿ ಆಳುತ್ತಿದ್ದದ್ದು ಇದೇ ಕಿಸುಕಾಡು 70ನ್ನು. 'ಪಂಚತಂತ್ರ' ಬರೆದ ದುರ್ಗಸಿಂಹನ ಊರು ಸಯ್ಯಡಿ, ಅಂದರೆ ರೋಣದ ಹತ್ತಿರದ ಸವಡಿ, ಅದೂ ಕಿಸುಕಾಡು ನಾಡಿನದೇ. ಈ 70 ಅಂದರೆ ಎಪ್ಪತ್ತು ಹಳ್ಳಿ ಅಂತ ಸಾಮಾನ್ಯವಾಗಿ ಅರ್ಥ ಮಾಡುತ್ತಾರೆ. ಎಪ್ಪತ್ತು ಹೆಸರುಗಳ ಪಟ್ಟಿ ಒಂದು ಸಂಖ್ಯೆಯಾಗಿ ಕೂತಿದೆ!

ಇನ್ನೂ ಮಜಾ ಇದೆ. ಬೆಳ್ವೊಲ 300, ಪುಲಿಗೆರೆ 300 (ಇವತ್ತಿನ ಲಕ್ಷ್ಮೇಶ್ವರದ ಕಡೆ) ಎರಡನ್ನೂ ಒಬ್ಬನೇ ಅಧಿಕಾರಿ ನೋಡಿಕೊಳ್ಳುವಾಗ ಶಾಸನಗಳು 'ಎರಡರುನೂರು' ಅನ್ನುತ್ತವೆ. ಎರಡೂ ಸೇರಿ ಆರುನೂರು. ಊರುಗಳನ್ನು ಮತ್ತೆ ಮೊದಲಿಂದ ಎಣಿಸಬೇಕಿಲ್ಲ, ಎರಡು ಉತ್ತರ ಕೂಡಿದರೆ ಸಾಕು. 2004ರಲ್ಲಿ ಗೂಗಲ್‌ನ ಜೆಫ್ ಡೀನ್ ಮತ್ತು ಸಂಜಯ್ ಘೆಮಾವತ್ 'ಮ್ಯಾಪ್‌ರೆಡ್ಯೂಸ್' ಪ್ರಬಂಧ ಬರೆದಾಗ, ದೊಡ್ಡ ಲೆಕ್ಕವನ್ನು ಸಾವಿರಾರು ಯಂತ್ರಗಳಿಗೆ ಹಂಚಿ ಕೊನೆಗೆ ಒಂದುಗೂಡಿಸಲು ನೆರವಾದದ್ದೂ ಇದೇ ಗುಣ. ಎಲ್ಲ ಲೆಕ್ಕಕ್ಕೂ ಈ ಭಾಗ್ಯ ಇಲ್ಲ ಅನ್ನಿ. ಎರಡು ನಾಡುಗಳ ಸರಾಸರಿ ಮಾತ್ರ ಕೊಟ್ಟರೆ ಒಟ್ಟು ಸರಾಸರಿ ಹೇಳೋಕಾಗಲ್ಲ, ಎಣಿಕೆಯೂ ಬೇಕು.

ಈಗ ತೊಂದರೆಗೆ ಬರೋಣ. ಇದೇ ರೀತಿ ಗಂಗವಾಡಿಗೆ 96000 ಅಂತಾರೆ. 2011ರ ಜನಗಣತಿಯ ಪ್ರಕಾರ ಇಡೀ ಕರ್ನಾಟಕದ ಹಳ್ಳಿಗಳೇ 29,340. ಹಾಗಾದರೆ 96000 ಏನು? ಹಳ್ಳಿಯಲ್ಲ, ಆದಾಯದ ಲೆಕ್ಕ ಅಂದವರಿದ್ದಾರೆ. ಹೊಗಳಿಕೆಗೆ ಉಬ್ಬಿಸಿದ್ದು ಅಂದವರೂ ಇದ್ದಾರೆ. ನೋಡಿ, ಉತ್ತರ ಕಲ್ಲಿನ ಮೇಲೆ ಗಟ್ಟಿಯಾಗಿ ಉಳಿದಿದೆ. ಎಣಿಸಿದ್ದೋ ಕೂಡಿದ್ದೋ, ಏನನ್ನು ಕೂಡಿದ್ದು ಅನ್ನೋದು ಮಾತ್ರ ಉಳಿದಿಲ್ಲ. ಬರೆಸಿದವರಿಗೆ ಅದು ಗೊತ್ತೇ ಇದ್ದ ಸಂಗತಿ, ಬರೆಸುವ ಅಗತ್ಯ ಕಾಣಲಿಲ್ಲ.

ಒಂದೇ ಬೆಲೆಗೆ ಇಳಿಸಿದ ಮೇಲೆ ಪಟ್ಟಿ ಕಳೆದೇ ಹೋಗಬೇಕು ಅಂತೇನೂ ಇಲ್ಲ. ಪಿಂಗಳನ ಛಂದಶ್ಶಾಸ್ತ್ರದಿಂದ ಬಂದ 'ಉದ್ದಿಷ್ಟ' ಅನ್ನೋ ಲೆಕ್ಕ ನೋಡಿ. ಗುರು-ಲಘುಗಳ ಸಾಲು ಕೊಟ್ಟರೆ, ಪ್ರಸ್ತಾರದಲ್ಲಿ ಅದು ಎಷ್ಟನೆಯದು ಅಂತ ಅದು ಹೇಳುತ್ತೆ. ನಂತರದವರು ಹೇಳಿದ ಸುಲಭ ದಾರಿ ಹೀಗಿದೆ: ಅಕ್ಷರಗಳ ಮೇಲೆ 1, 2, 4, 8 ಅಂತ ಬರೆದು, ಲಘುಗಳ ಮೇಲಿನ ಅಂಕಿಗಳನ್ನು ಕೂಡಿ, 1 ಸೇರಿಸಬೇಕು. ಗುರು-ಲಘು-ಗುರು ಅಂದರೆ 2ಕ್ಕೆ 1 ಸೇರಿ 3. ಮ, ಯ, ರ ಅಂತ ಎಣಿಸಿದರೆ ರಗಣ ಮೂರನೆಯದೇ! ಸಾಲಿನಲ್ಲಿ ಎಷ್ಟು ಅಕ್ಷರ ಅಂತ ಗೊತ್ತಿದ್ದರೆ, 'ನಷ್ಟ' ಅನ್ನೋ ಲೆಕ್ಕದಿಂದ ಆ ಸಂಖ್ಯೆಯಿಂದಲೇ ಸಾಲನ್ನು ವಾಪಸ್ ಪಡೆಯಬಹುದು. ನಾಗವರ್ಮನ 'ಛಂದೋಂಬುಧಿ'ಯಲ್ಲೂ ಈ ಪ್ರತ್ಯಯಗಳ ವಿಷಯ ಬರುತ್ತೆ.

ಕಿಸುಕಾಡು 70ಕ್ಕೆ ಇಂಥ 'ನಷ್ಟ'ದ ಸೂತ್ರ ಇಲ್ಲ. 70 ಅನ್ನೋ ಅಂಕಿಯನ್ನು ಎಷ್ಟು ಹಿಂಡಿದರೂ ಸವಡಿಯ ಹೆಸರು ಹೊರಬರಲ್ಲ. ಅದಕ್ಕಿರೋದು ಒಂದೇ ದಾರಿ. ಈ ಊರು ಕಿಸುಕಾಡಿನೊಳಗಿನದು ಅಂತ ಹೇಳುವ ಒಂದೊಂದೇ ಶಾಸನ ಹುಡುಕಿ, ಒಂದೊಂದೇ ಹೆಸರು ಹೆಕ್ಕಿ, ಪಟ್ಟಿಯನ್ನು ಮತ್ತೆ ಕಟ್ಟಬೇಕು. ಶಾಸನ ಓದುವ ಹಿರಿಯರು ಮಾಡಿಕೊಂಡು ಬಂದಿರೋದು ಇದನ್ನೇ.

ಹಾಗಾಗಿ ಹಳ್ಳಿಯ ಗುಡಿಯ ಹಿಂದೆ ಅರ್ಧ ಹೂತ ಕಲ್ಲು, ಕೆರೆದಂಡೆಯ ಮೇಲೆ ಬಟ್ಟೆ ಒಗೆಯಲು ಬಳಸೋ ಅಕ್ಷರದ ಕಲ್ಲು ಸುಮ್ಮನೆ ಕಲ್ಲಲ್ಲ. ಕಳೆದುಹೋದ ಪಟ್ಟಿಯ ಒಂದು ಸಾಲು ಅದರಲ್ಲೇ ಇರಬಹುದು. ಊರಿಗೆ ಹೋದಾಗ ಕಣ್ಣಿಗೆ ಬಿದ್ದರೆ ಒಂದು ಫೋಟೊ ತೆಗೆದು, ಯಾವ ಊರು, ಎಲ್ಲಿತ್ತು ಅಂತ ಬರೆದು ನಿಮ್ಮ ಬ್ಲಾಗಿನಲ್ಲಿ ಹಾಕಿ. 'ಗದಗ ಜಿಲ್ಲೆಯಲ್ಲಿ ಇಷ್ಟು ಶಾಸನ' ಅಂತ ಬರೀ ಲೆಕ್ಕ ಮಾತ್ರ ಹಾಕಬೇಡಿ ಮತ್ತೆ :)