ಗೊಂಬೆಯ ಕೈ ಹಿಡಿದ ಚಿತ್ರಕಾರ: ರೋಬೋ ರೂಪದ ಹಳೆಯ ಕಥೆ

ಪುಣೆ, ಮುಂಬೈ ಕಡೆ ಕೆಲಸಕ್ಕೆ ಬಂದಿರೋ ನಮ್ಮವರಿಗೆ ಲಾಂಗ್ ವೀಕೆಂಡ್ ಅಂದ್ರೆ ನಾಸಿಕ್, ಇಲ್ಲಾಂದ್ರೆ ಛತ್ರಪತಿ ಸಂಭಾಜಿನಗರ. ಎಲ್ಲೋರಾದ ಕೈಲಾಸ ದೇವಾಲಯದ ಮುಂದೆ ನಿಂತು "ಇದು ನಮ್ಮ ರಾಷ್ಟ್ರಕೂಟರ ಒಂದನೇ ಕೃಷ್ಣ ಕೊರೆಸಿದ್ದು" ಅಂತ ಮರಾಠಿ ಸಹೋದ್ಯೋಗಿಗೆ ಹೇಳದೆ ಬರೋ ಕನ್ನಡಿಗರು ಕಡಿಮೆ. ಇವತ್ತು ಅದೇ ದಾರಿಯ ಇನ್ನೊಂದು ಕಥೆ ಹೇಳ್ತೀನಿ. ಮನುಷ್ಯರ ಹಾಗೆ ಕಾಣೋ ಯಂತ್ರದ ಮುಂದೆ ನಾವು ಹೇಗೆ ನಡ್ಕೊಳ್ತೀವಿ ಅನ್ನೋ ಕಥೆ.

ಬೌದ್ಧರ ಮೂಲಸರ್ವಾಸ್ತಿವಾದ ಪಂಥದ ವಿನಯ ಗ್ರಂಥದಲ್ಲಿ ಇದು ಬರುತ್ತೆ. ಮಧ್ಯದೇಶದ ಒಬ್ಬ ಚಿತ್ರಕಾರ ಕೆಲಸದ ಮೇಲೆ ಯವನ ದೇಶಕ್ಕೆ ಹೋಗಿ ಒಬ್ಬ ಯಂತ್ರಾಚಾರ್ಯನ ಮನೆಯಲ್ಲಿ ಇಳ್ಕೊಳ್ತಾನೆ. ಅತಿಥಿಯ ಸೇವೆಗೆ ಅಂತ ಯಂತ್ರಾಚಾರ್ಯ ಒಬ್ಬ ಹುಡುಗಿಯನ್ನ ಕಳಿಸ್ತಾನೆ. ಅವಳು ಬಂದು ಕಾಲು ತೊಳೀತಾಳೆ, ಸುಮ್ಮನೆ ನಿಲ್ತಾಳೆ. ಹತ್ತಿರ ಬಾ ಅಂದ್ರೆ ಮಾತಿಲ್ಲ. ಇವನು ಕೈ ಹಿಡಿದು ಎಳೀತಾನೆ. ಅಷ್ಟೇ, ಅವಳು ಸರಪಳಿಯ ಗುಡ್ಡೆಯಾಗಿ ಕುಸಿದು ಬೀಳ್ತಾಳೆ. ಅದು ಹುಡುಗಿಯಲ್ಲ, ಯಂತ್ರದ ಗೊಂಬೆ!

ಚಿತ್ರಕಾರನಿಗೆ ನಾಚಿಕೆ. ಸೇಡು ತೀರಿಸಿಕೊಳ್ಳೋಕೆ, ತಾನೇ ನೇಣು ಹಾಕಿಕೊಂಡ ಹಾಗೆ ಒಂದು ಚಿತ್ರ ಬರೆದು, ಅಡಗಿ ಕೂರ್ತಾನೆ. ಬೆಳಗ್ಗೆ ಯಂತ್ರಾಚಾರ್ಯ ನೋಡಿ ಗಾಬರಿಯಾಗಿ ರಾಜನನ್ನೇ ಕರ್ಕೊಂಡು ಬರ್ತಾನೆ. ಹಗ್ಗ ಕಡಿಯೋಕೆ ಹೋದ್ರೆ ಏಟು ಬೀಳೋದು ಗೋಡೆಗೆ. ಆಗ ಚಿತ್ರಕಾರ ಹೊರಗೆ ಬಂದು, ನೀನು ನನ್ನೊಬ್ಬನ ಎದುರು ನನ್ನ ಮಾನ ಕಳೆದೆ, ನಾನು ರಾಜಸಭೆಯ ಎದುರು ನಿನ್ನ ಮಾನ ಕಳೆದೆ ಅಂತಾನೆ.

ಇದಕ್ಕೂ ನಮ್ಮ ವೀಕೆಂಡ್ ದಾರಿಗೂ ಏನು ಸಂಬಂಧ? ಮೊದಲು ನಾಸಿಕ್. ಅಲ್ಲಿನ ಪಾಂಡವಲೇಣಿಯ 17ನೇ ಗುಹೆಯ ಶಾಸನ ಓದಿದ್ರೆ, ಅದನ್ನ ಕೊರೆಸಿದವನು ಉತ್ತರದಿಂದ ಬಂದ ಯವನ, ಹೆಸರು ಇಂದ್ರಾಗ್ನಿದತ್ತ. ಅಂದ್ರೆ ಯವನರು ಈ ಕಡೆಯವರಿಗೆ ಬರೀ ಕಥೆಯ ಪಾತ್ರ ಆಗಿರಲಿಲ್ಲ, ಕಣ್ಣೆದುರಿನ ಜನ. ಇನ್ನು ಸಂಭಾಜಿನಗರ ಜಿಲ್ಲೆಯ ಅಜಂತಾ. ಅಲ್ಲಿನ 17ನೇ ಗುಹೆಯ ವರಾಂಡದಲ್ಲಿ ಭವಚಕ್ರದ ಚಿತ್ರದ ಉಳಿಕೆ ಇದೆ. ವಿಹಾರದ ಬಾಗಿಲಲ್ಲಿ ಇಂಥ ಚಕ್ರ ಬರೆಸಬೇಕು ಅಂತ ವಿಧಿಸೋದು ಇದೇ ಮೂಲಸರ್ವಾಸ್ತಿವಾದ ವಿನಯ. ಹಾಗಾಗಿ ಅಜಂತಾಕ್ಕೆ ಈ ಪರಂಪರೆಯ ನಂಟಿತ್ತು ಅಂತ ಕೆಲವು ವಿದ್ವಾಂಸರು ವಾದಿಸ್ತಾರೆ.

ಈಗ 1970ಕ್ಕೆ ಬನ್ನಿ. ಜಪಾನಿನ ರೋಬೋ ಪ್ರೊಫೆಸರ್ ಮಸಾಹಿರೋ ಮೋರಿ ಒಂದು ಪುಟ್ಟ ಲೇಖನ ಬರೀತಾರೆ, 'ಬುಕಿಮಿ ನೋ ತಾನಿ'. ಕನ್ನಡದಲ್ಲಿ 'ಕಸಿವಿಸಿಯ ಕಣಿವೆ' ಅನ್ನೋಣ. ಯಂತ್ರ ಮನುಷ್ಯನನ್ನ ಹೋಲ್ತಾ ಹೋದ ಹಾಗೆ ನಮಗೆ ಇಷ್ಟ ಜಾಸ್ತಿಯಾಗುತ್ತೆ. ಆದ್ರೆ ಹೆಚ್ಚುಕಮ್ಮಿ ಮನುಷ್ಯನೇ ಅನ್ನೋ ಹಂತದಲ್ಲಿ ಇಷ್ಟ ದಡಕ್ಕನೆ ಬಿದ್ದು ಹೋಗುತ್ತೆ. ಅವರು ಕೊಟ್ಟ ಉದಾಹರಣೆ ಏನು ಗೊತ್ತಾ? ಕೈ! ಕೃತಕ ಕೈ ನೋಡೋಕೆ ನಿಜದ್ದೇ. ಕುಲುಕಿದ್ರೆ ತಣ್ಣಗೆ, ಮೂಳೆಯೇ ಇಲ್ಲದ ಹಾಗೆ. ನಮ್ಮ ಚಿತ್ರಕಾರನೂ ಕೈ ಹಿಡಿದಾಗಲೇ ಕಣಿವೆಗೆ ಬಿದ್ದಿದ್ದು. ಪರಿಹಾರಕ್ಕೆ ಮೋರಿ ತೋರಿಸೋದೂ ಇನ್ನೊಂದು ಕೈಯನ್ನೇ: ಬುದ್ಧನ ವಿಗ್ರಹ ಕೆತ್ತುವ ಶಿಲ್ಪಿ ಮಾಡಿದ ಮರದ ಕೈ. ಬೆರಳು ಮಡಚುತ್ತೆ, ಬಣ್ಣ ಮರದ್ದೇ. ಅದು ಚೆಂದ, ಆದ್ರೆ ಮೋಸ ಇಲ್ಲ.

ನಮ್ಮ ಕಡೆಯ ಒಂದು ಸಾಕ್ಷಿ ನೋಡಿ. ರಾಷ್ಟ್ರಕೂಟ ಮೂರನೇ ಕೃಷ್ಣನ ಕಾಲದಲ್ಲಿ, 959ರಲ್ಲಿ, ಸೋಮದೇವಸೂರಿ 'ಯಶಸ್ತಿಲಕ ಚಂಪೂ' ಮುಗಿಸಿದ. ಆಗ ಅಲ್ಲಿ ಆಳ್ತಿದ್ದವನು ಪಂಪನಿಗೆ ಆಶ್ರಯ ಕೊಟ್ಟ ಅರಿಕೇಸರಿಯ ಮಗ. ಅದರಲ್ಲಿ ಒಂದು ಯಂತ್ರಧಾರಾಗೃಹ ಬರುತ್ತೆ. ನೀರು ಚಿಮ್ಮಿಸೋ ಯಂತ್ರದ ಪ್ರಾಣಿಗಳು, ಹೆಣ್ಣಿನ ರೂಪದ ಗೊಂಬೆಗಳು. ಅಲ್ಲಿ ಯಾರಿಗೂ ಅವಮಾನ ಆಗಲ್ಲ, ಯಾಕಂದ್ರೆ ಇದು ಯಂತ್ರ ಅಂತ ಬಂದವರಿಗೆಲ್ಲ ಗೊತ್ತು. ಗೊಂಬೆಯ ರೂಪ ಅದೇ, ಆದರೆ ಯಾರೂ ಏನನ್ನೂ ಮುಚ್ಚಿಟ್ಟಿಲ್ಲ.

ಇನ್ನೊಂದು ವಿಷಯ ನನ್ನನ್ನ ಕಾಡುತ್ತೆ. ಆ ಗೊಂಬೆ ಮಾತಾಡಲಿಲ್ಲ, ಚಿತ್ರಕಾರ ಆ ಮೌನವನ್ನೇ ಒಪ್ಪಿಗೆ ಅಂದ್ಕೊಂಡ. ಅದು ಸೇವಕಿಯ ರೂಪದಲ್ಲಿತ್ತು. ಸೇವಕಿಯರ ಜೊತೆ ನಡ್ಕೊಳ್ಳೋ ಹಾಗೇ ನಡ್ಕೊಂಡ. ರೂಪ ನಮ್ಮೊಳಗಿನ ಮರ್ಯಾದೆಯನ್ನೂ ಎಬ್ಬಿಸುತ್ತೆ, ದರ್ಪವನ್ನೂ ಎಬ್ಬಿಸುತ್ತೆ. ಇವತ್ತು ವಾಯ್ಸ್ ಅಸಿಸ್ಟೆಂಟ್ ಅಂದ ಕೂಡಲೇ ಹೆಣ್ಣು ದನಿ ಯಾಕೆ ಅಂತ ಕೇಳೋರು ಕೇಳ್ತಿರೋದು ಇದನ್ನೇ.

ಸಾತಪುರ, ವಾಳೂಜ್‌ನಂಥ ಕೈಗಾರಿಕಾ ಪ್ರದೇಶಗಳಿಗೆ ಒಗ್ಗಿದ ರೋಬೋ ಅಂದ್ರೆ ಬರೀ ಒಂದು ತೋಳು, ಮುಖ ಇಲ್ಲ. ಅದಕ್ಕೆ ಯಾರೂ ಮನಸ್ಸು ಕೊಡಲ್ಲ, ದೂರ ನಿಂತು ಕೆಲಸ ಮಾಡಿಸ್ತಾರೆ. ಮನೆ, ಆಸ್ಪತ್ರೆಗೆ ಬರೋ ರೋಬೋಗೆ ಮುಖ ಬೇಕಾಗುತ್ತೆ. 2017ರಲ್ಲಿ ಹೈದರಾಬಾದಿನ ಸಮಾವೇಶದಲ್ಲಿ ಪ್ರಧಾನಿ ಮೋದಿಯವರನ್ನ ಸ್ವಾಗತಿಸಿದ ಬೆಂಗಳೂರಿನ 'ಮಿತ್ರ' ರೋಬೋಗೆ ಕಣ್ಣಿದೆ, ಆದ್ರೆ ಎದೆ ಮೇಲೊಂದು ಸ್ಕ್ರೀನೂ ಇದೆ. ಮನುಷ್ಯ ಅಂತ ಯಾರೂ ಮೋಸ ಹೋಗಲ್ಲ.

ಊರಲ್ಲಿ ಒಬ್ಬರೇ ಇರೋ ಅಪ್ಪ, ಅಮ್ಮನ ಜೊತೆ ಮಾತಾಡೋಕೆ ನಾಳೆ ಇಂಥದ್ದೊಂದನ್ನ ನಾವೇ ಕೊಂಡು ಕಳಿಸ್ತೀವಿ. ನಮ್ಮಲ್ಲೇ ಕೆಲವರು ಅದನ್ನ ತಯಾರಿಸ್ತೀವಿ ಕೂಡ. ಅಮ್ಮ ಅದಕ್ಕೆ "ಊಟ ಆಯ್ತಾ ಮಗಾ" ಅಂತ ಕೇಳಿದ್ರೆ ನಗೋದು ಬೇಡ. ಆ ಪ್ರೀತಿ ಸುಳ್ಳಲ್ಲ. ಮುಖ ಕೊಟ್ಟವರು, ಅದರ ಹಿಂದೆ ಏನಿದೆ ಅನ್ನೋದನ್ನೂ ಅಮ್ಮನಿಗೆ ಗೊತ್ತಾಗೋ ಹಾಗೆ ಹೇಳಬೇಕು. ಅಷ್ಟನ್ನ ಆ ಯಂತ್ರಾಚಾರ್ಯ ಹೇಳಿದ್ದಿದ್ರೆ, ಗೊಂಬೆ ನೋಡಿ ಮೊದಲು ಚಪ್ಪಾಳೆ ತಟ್ಟೋನು ಆ ಚಿತ್ರಕಾರನೇ ಆಗಿರ್ತಿದ್ದ.

ಮುಂದಿನ ಸಲ ಅಜಂತಾಕ್ಕೆ ಹೋದಾಗ 17ನೇ ಗುಹೆಯ ವರಾಂಡದಲ್ಲಿ ಎರಡು ನಿಮಿಷ ನಿಲ್ಲಿ. ಮತ್ತೆ ಸಿಗೋಣ.