ಕತಾನಿನ ನೂಲು, ಕೈಗೆ ಬಾರದ ಬಹುಮಾನ

ಉರ್ದು ಕಾವ್ಯದಲ್ಲಿ ನಾವು 'ಕತಾನ್' ಎಂಬ ಬಟ್ಟೆಯನ್ನು ಮತ್ತೆ ಮತ್ತೆ ಎದುರಾಗುತ್ತೇವೆ. ಬೆಳದಿಂಗಳು ತಾಗಿದರೆ ಸಾಕು, ಅದು ಚಿಂದಿಯಾಗುತ್ತದೆ ಎಂಬುದು ಕವಿಗಳ ಕಲ್ಪನೆ. ಈ ಕತಾನ್ ಎಂದರೆ ಅಗಸೆ ಕಾಂಡದ ನಾರಿನ ಬಟ್ಟೆ, ಲಿನನ್. ನಮಗೋ ಅಗಸೆ ಎಂದೊಡನೆ ನೆನಪಾಗುವುದು ರೊಟ್ಟಿಯ ಪಕ್ಕದ ಚಟ್ನಿಪುಡಿ.

ನಿಜದಲ್ಲಿ ಆ ನಾರು ಗಟ್ಟಿ, ಹಠಮಾರಿ. ಕಾಂಡವನ್ನು ನೀರಿನಲ್ಲಿ ಕೊಳೆಸಿ, ಒಣಗಿಸಿ, ಬಡಿದು, ಬಾಚಿದರೂ ಎಳೆಗಳು ಅಂಟಿನಿಂದ ಕೂಡಿಕೊಂಡೇ ಇರುತ್ತವೆ. ಅದಕ್ಕೇ ನೂಲುವ ಹೆಂಗಸರು ಬೆರಳನ್ನು ಒದ್ದೆ ಮಾಡಿಕೊಳ್ಳುತ್ತಿದ್ದರು. 1787ರಲ್ಲಿ ಇಂಗ್ಲೆಂಡಿನ ಡಾರ್ಲಿಂಗ್ಟನ್ನಿನ ಜಾನ್ ಕೆಂಡ್ರೂ ಮತ್ತು ಥಾಮಸ್ ಪೋರ್ಟ್‌ಹೌಸ್ ಅಗಸೆ ನೂಲುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಆದರೆ ಒಣ ನಾರಿನಿಂದ ಬಂದದ್ದು ಒರಟು ನೂಲು ಮಾತ್ರ.

ಬ್ರಿಟನ್ನಿನ ಹತ್ತಿಬಟ್ಟೆಗೆ ಯುರೋಪಿನ ಬಾಗಿಲು ಮುಚ್ಚಲು ಹೊರಟಿದ್ದ ನೆಪೋಲಿಯನ್ 1810ರ ಮೇ ತಿಂಗಳಲ್ಲಿ ಒಂದು ಘೋಷಣೆ ಹೊರಡಿಸಿದ: ಅಗಸೆ ನೂಲುವ ಉತ್ತಮ ಯಂತ್ರ ಮಾಡಿದವರಿಗೆ, ಅವರು ಯಾವ ದೇಶದವರೇ ಆಗಲಿ, 10 ಲಕ್ಷ ಫ್ರಾಂಕ್ ಬಹುಮಾನ. ದಕ್ಷಿಣ ಫ್ರಾನ್ಸಿನ ಫಿಲಿಪ್ ದ ಗಿರಾರ್ ಜುಲೈಯಲ್ಲೇ ಪೇಟೆಂಟ್ ಪಡೆದರು. ಅವರ ಉಪಾಯ ಸರಳ: ನಾರನ್ನು ಒದ್ದೆ ಮಾಡಿದರೆ ಅಂಟು ಸಡಿಲಾಗಿ ಎಳೆಗಳು ಒಂದರ ಮೇಲೊಂದು ಜಾರುತ್ತವೆ, ಆಗ ಉರುಳೆಗಳ ನಡುವೆ ಎಳೆದು ಸಣ್ಣ ನೂಲು ತೆಗೆಯಬಹುದು. ಹೆಂಗಸರ ಬೆರಳಿಗೆ ಮೊದಲೇ ಗೊತ್ತಿದ್ದ ವಿದ್ಯೆ ಯಂತ್ರಕ್ಕೆ ಬಂತು.

ಬಹುಮಾನ ಮಾತ್ರ ಬರಲಿಲ್ಲ. ನೆಪೋಲಿಯನ್ ಪತನವಾದ. ಗಿರಾರ್ ತಲೆಯ ಮೇಲೆ ಸಾಲ ಉಳಿಯಿತು. ಜೊತೆಗಾರರೇ ನಕ್ಷೆಗಳನ್ನು ಇಂಗ್ಲೆಂಡಿಗೆ ಒಯ್ದು ಮಾರಿಕೊಂಡರು. ಅವರು ಆಸ್ಟ್ರಿಯಾಕ್ಕೆ, ಅಲ್ಲಿಂದ ಪೋಲೆಂಡಿಗೆ ಹೋದರು. ಅಲ್ಲಿ ಅವರ ಗಿರಣಿಯ ಸುತ್ತ ಬೆಳೆದ ಊರು ಇಂದಿಗೂ ಅವರ ಹೆಸರಿನಲ್ಲೇ ಇದೆ: ಝಿರಾರ್ಡುಫ್. 1845ರಲ್ಲಿ ಅವರು ತೀರಿಕೊಂಡರು. ಫ್ರಾನ್ಸ್ ಸರಕಾರ ಅವರ ವಾರಸುದಾರರಿಗೆ ಪಿಂಚಣಿ ಕೊಟ್ಟದ್ದು 1853ರಲ್ಲಿ.

ಇಂಗ್ಲೆಂಡಿನ ಪ್ರೆಸ್ಟನ್ನಿನ ಜೇಮ್ಸ್ ಕೇ ಅವರ ಪಾಡೂ ಹೆಚ್ಚು ಬೇರೆಯಲ್ಲ. ಒದ್ದೆ ನೂಲಿನ ವಿಧಾನಕ್ಕೆ 1825ರಲ್ಲಿ ಅವರು ಪಡೆದ ಪೇಟೆಂಟನ್ನು ನ್ಯಾಯಾಲಯಗಳು ಎತ್ತಿಹಿಡಿಯಲಿಲ್ಲ. ಲಾಭವೆಲ್ಲ ಲೀಡ್ಸ್, ಬೆಲ್‌ಫಾಸ್ಟ್‌ಗಳ ಗಿರಣಿ ಧಣಿಗಳಿಗಾಯಿತು.

ಗಿರಣಿಯೊಳಗಿನವರ ಗತಿ ಏನು? ಬೆಲ್‌ಫಾಸ್ಟಿನಲ್ಲಿ ಹೆಣ್ಣುಮಕ್ಕಳೂ ಎಳೆಯರೂ ಬಿಸಿನೀರಿನ ತೊಟ್ಟಿಗಳ ಆವಿಯಲ್ಲಿ, ತೊಯ್ದ ನೆಲದ ಮೇಲೆ ಬರಿಗಾಲಲ್ಲಿ ದಿನವಿಡೀ ನಿಲ್ಲುತ್ತಿದ್ದರು. ಕದಿರುಗಳಿಂದ ಸಿಡಿದ ನೀರು ಬಟ್ಟೆಯನ್ನು ತೋಯಿಸುತ್ತಿತ್ತು. ಅತ್ತ ಹಳ್ಳಿಗಳಲ್ಲಿ ಮನೆಯ ರಾಟೆಯನ್ನೇ ನಂಬಿದ್ದ ಹೆಂಗಸರ ಸಂಪಾದನೆ ನಿಂತಿತು.

ಗಿರಾರ್ ಹೆಸರಿನಲ್ಲಿ ಒಂದು ಊರಾದರೂ ಉಳಿಯಿತು. ಬೆರಳು ಒದ್ದೆ ಮಾಡಿ ನೂತವರ ಹೆಸರನ್ನು ಯಾರೂ ಬರೆದಿಡಲಿಲ್ಲ. ಇನ್ನು ಮುಂದೆ ಯಾವುದಾದರೂ ಗಝಲಿನಲ್ಲಿ ಕತಾನ್ ಬೆಳದಿಂಗಳಿಗೆ ಹರಿದುಹೋದಾಗ, ಅದನ್ನು ನೂತ ಕೈಗಳೂ ನಮಗೆ ನೆನಪಾಗಲಿ.