ವೃತ್ತಿಯೂ ಪ್ರವೃತ್ತಿಯೂ: ಕಲ್ಕತ್ತೆಯಲ್ಲಿ ರಾಮನ್ನರ ಹತ್ತು ವರ್ಷಗಳು

ಜೀವನೋಪಾಯಕ್ಕಾಗಿ ಹಿಡಿದ ಕೆಲಸವೊಂದು, ಮನಸ್ಸೊಲಿದ ಕೆಲಸವಿನ್ನೊಂದು, ಹೀಗೆ ಎರಡಾಗಿರುವುದು ಲೋಕದಲ್ಲಿ ಅಪೂರ್ವವಲ್ಲ. ಹಗಲೆಲ್ಲ ಕಚೇರಿಯ ಕಾಗದಪತ್ರಗಳ ನಡುವೆ ಕುಳಿತು, ಸಂಜೆ ಮನೆಗೆ ಬಂದು ಹಳೆಯ ಶಾಸನದ ಪಡಿಯಚ್ಚನ್ನೋ ಅರ್ಧ ಬರೆದಿಟ್ಟ ಕಥೆಯನ್ನೋ ಕೈಗೆತ್ತಿಕೊಳ್ಳಬಯಸುವವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರನ್ನು ವಿಚಾರಿಸಿದರೆ ಬರುವ ಉತ್ತರವು ಬಹುಮಟ್ಟಿಗೆ ಒಂದೇ: “ಆಸೆಯೇನೋ ಇದೆ, ಪುರಸೊತ್ತೆಲ್ಲಿ?” ಕೈಯಲ್ಲಿರುವ ಉದ್ಯೋಗವನ್ನು ಬಿಟ್ಟ ಹೊರತು ಬೇಕಾದ ಕೆಲಸಕ್ಕೆ ಕಾಲ ಸಿಕ್ಕದೆಂದು ಕೆಲವರು, ಸಂಸಾರವನ್ನು ಕಟ್ಟಿಕೊಂಡು ಉದ್ಯೋಗವನ್ನು ಬಿಡುವುದೆಂತೆಂದು ಮತ್ತೆ ಕೆಲವರು. ಈ ಎರಡು ಮಾತುಗಳ ನಡುವೆ ಆಯುಷ್ಯವು ಸದ್ದಿಲ್ಲದೆ ಕಳೆದುಹೋಗುತ್ತದೆ.

ಇದಕ್ಕೆ ವಿರುದ್ಧವಾದ ನಿದರ್ಶನಗಳು ನಮ್ಮ ನಾಡಿನಲ್ಲಿ ಇಲ್ಲದಿಲ್ಲ. ಮುಂಬಯಿ ಪ್ರಾಂತದ ಸಿವಿಲ್ ಸರ್ವಿಸಿನಲ್ಲಿದ್ದ ಫ್ಲೀಟರು ಸರ್ಕಾರೀ ಕೆಲಸದ ನಡುವೆಯೇ ಕನ್ನಡ ಶಾಸನಗಳನ್ನೋದಿ, ೧೮೮೨ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಹೊರತಂದರು. ಮೈಸೂರು ಸಂಸ್ಥಾನದ ಅಧಿಕಾರಿಗಳಾಗಿದ್ದ ಮಾಸ್ತಿಯವರು ಅಧಿಕಾರದ ಜೊತೆಯಲ್ಲಿಯೇ ಕನ್ನಡದ ಸಣ್ಣಕಥೆಯನ್ನು ಬೆಳೆಸಿದರು. ಆದರೆ ಒಂದು ಉದ್ಯೋಗದಿಂದ ಮತ್ತೊಂದಕ್ಕೆ ಮನುಷ್ಯನು ಹೇಗೆ ದಾಟಬಹುದು, ದಾಟುವುದಕ್ಕೆ ಮುನ್ನ ತನ್ನ ದಿನವನ್ನು ಹೇಗೆ ಹಂಚಿಕೊಳ್ಳಬೇಕು, ಅದಕ್ಕೆ ತೆರಬೇಕಾದ ಬೆಲೆಯೇನು ಎಂಬುದನ್ನು ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣಬೇಕೆಂದರೆ, ೧೯೦೭ರಿಂದ ೧೯೧೭ರವರೆಗೆ ಕಲ್ಕತ್ತೆಯಲ್ಲಿ ಚಂದ್ರಶೇಖರ ವೆಂಕಟ ರಾಮನ್ನರು ನಡೆಸಿದ ಜೀವನವನ್ನು ನೋಡಬೇಕು. ಅವರ ಕೀರ್ತಿಯ ಕಥೆಯನ್ನು ಎಲ್ಲರೂ ಬಲ್ಲರು. ಕೀರ್ತಿಗೆ ಮುಂಚಿನ ಈ ದಶಕವನ್ನು ಅಷ್ಟಾಗಿ ಯಾರೂ ಲಕ್ಷಿಸುವುದಿಲ್ಲ.

ರಾಮನ್ನರು ಹುಟ್ಟಿದುದು ೧೮೮೮ನೆಯ ನವೆಂಬರ್ ೭ರಂದು, ತಿರುಚಿನಾಪಳ್ಳಿಯ ಬಳಿಯ ತಿರುವಾನೈಕ್ಕಾವಲಿನಲ್ಲಿ. ತಂದೆ ಚಂದ್ರಶೇಖರ ಅಯ್ಯರವರು ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ, ಭೌತಶಾಸ್ತ್ರಗಳ ಅಧ್ಯಾಪಕರು. ಮಗನು ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿ, ೧೯೦೪ರಲ್ಲಿ ಬಿ.ಎ. ಪರೀಕ್ಷೆಯಲ್ಲಿ ಮೊದಲಿಗನಾಗಿ ತೇರ್ಗಡೆಯಾದನು. ೧೯೦೬ರ ನವೆಂಬರಿನಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಬೆಳಕಿನ ವಿಷಯವಾಗಿ ಆತನು ಬರೆದ ಲೇಖನವೊಂದು ಲಂಡನ್ನಿನ ‘ಫಿಲಾಸಫಿಕಲ್ ಮ್ಯಾಗಝೀನ್’ ಪತ್ರಿಕೆಯಲ್ಲಿ ಅಚ್ಚಾಯಿತು. ಇಂತಹ ತರುಣನಿಗೆ ವಿಜ್ಞಾನವೇ ವೃತ್ತಿಯಾಗಬೇಕಾಗಿದ್ದಿತಷ್ಟೆ. ಆದರೆ ಆ ಕಾಲದಲ್ಲಿ ಹಿಂದೂದೇಶದಲ್ಲಿ ವಿಜ್ಞಾನವನ್ನೇ ನಂಬಿ ಬದುಕುವ ಹಾದಿ ಇರಲಿಲ್ಲವೆನ್ನಬಹುದು. ಉಳಿದುದು ಇಂಗ್ಲೆಂಡಿಗೆ ಹೋಗುವ ಮಾರ್ಗವೊಂದು. ಮದರಾಸಿನ ಸಿವಿಲ್ ಸರ್ಜನ್ನರು ಪರೀಕ್ಷಿಸಿ, ಈ ಕೃಶಶರೀರಿಯು ಅಲ್ಲಿಯ ಹವೆಯನ್ನು ತಡೆಯಲಾರನೆಂದು ಅಭಿಪ್ರಾಯ ಕೊಟ್ಟರು. ಆ ಬಾಗಿಲೂ ಮುಚ್ಚಿತು.

ಆಗ ಕಣ್ಣಿಗೆ ಬಿದ್ದುದು ಹಣಕಾಸಿನ ಇಲಾಖೆ. ಸಿವಿಲ್ ಸರ್ವಿಸಿನ ಪರೀಕ್ಷೆಗೆ ಲಂಡನ್ನಿಗೇ ಹೋಗಬೇಕಾಗಿದ್ದ ಆ ದಿನಗಳಲ್ಲಿ, ಈ ಇಲಾಖೆಯ ಪರೀಕ್ಷೆಯು ಈ ದೇಶದಲ್ಲಿಯೇ ನಡೆಯುತ್ತಿದ್ದಿತು; ಅಣ್ಣ ಸುಬ್ರಹ್ಮಣ್ಯ ಅಯ್ಯರವರು ಅದೇ ಇಲಾಖೆಯನ್ನು ಸೇರಿದ್ದರು. ೧೯೦೭ರಲ್ಲಿ ರಾಮನ್ನರು ಎಂ.ಎ. ಮುಗಿಸಿ, ತಮಗೆ ಪರಿಚಯವಿಲ್ಲದ ಚರಿತ್ರೆ, ಅರ್ಥಶಾಸ್ತ್ರ ಮೊದಲಾದ ವಿಷಯಗಳನ್ನೋದಿ, ಆ ಪರೀಕ್ಷೆಯಲ್ಲಿಯೂ ಮೊದಲನೆಯವರಾಗಿ ನಿಂತರು. ಅದೇ ವರ್ಷ ಮೇ ತಿಂಗಳಲ್ಲಿ ಲೋಕಸುಂದರಿಯೊಡನೆ ವಿವಾಹವಾಯಿತು. ಜೂನ್ ತಿಂಗಳಲ್ಲಿ ದಂಪತಿಗಳು ಕಲ್ಕತ್ತೆಗೆ ಹೊರಟರು. ಹತ್ತೊಂಬತ್ತು ತುಂಬದ ಹುಡುಗನು ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಆದನು. ಬಂಧುಬಳಗದವರ ದೃಷ್ಟಿಯಲ್ಲಿ ಇದಕ್ಕಿಂತ ಹೆಚ್ಚಿನ ಭಾಗ್ಯವಿರಲಾರದು. ಕಥೆಯು ಇಲ್ಲಿಗೆ ಮುಗಿದಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ.

ಮುಗಿಯದಂತೆ ಮಾಡಿದುದು ಒಂದು ಹಲಗೆ. ಕಚೇರಿಗೆ ಹೋಗಿಬರುವ ಟ್ರಾಮಿನ ದಾರಿಯಲ್ಲಿ, ಬೌಬಜಾರ್ ಬೀದಿಯ ೨೧೦ನೆಯ ನಂಬರಿನ ಕಟ್ಟಡದ ಮೇಲೆ, ಭಾರತೀಯ ವಿಜ್ಞಾನ ಸಂವರ್ಧನ ಸಂಘವೆಂಬ ಅರ್ಥದ ಹೆಸರನ್ನು ರಾಮನ್ನರು ಓದಿದರು. ಇಳಿದು ಹೋಗಿ ಬಾಗಿಲನ್ನು ತಟ್ಟಿದರು. ಬಾಗಿಲು ತೆರೆದವರು ಅಲ್ಲಿಯ ಸಹಾಯಕ ಅಶುತೋಷ ಡೇ. ಒಳಗೆ ಕರೆದೊಯ್ದು ಭೇಟಿ ಮಾಡಿಸಿದುದು ಕಾರ್ಯದರ್ಶಿ ಅಮೃತಲಾಲ ಸರ್ಕಾರರನ್ನು.

ಈ ಸಂಘದ ಪೂರ್ವೋತ್ತರವನ್ನು ಇಲ್ಲಿ ಹೇಳಬೇಕು. ಅಮೃತಲಾಲರ ತಂದೆ ಡಾಕ್ಟರ್ ಮಹೇಂದ್ರಲಾಲ ಸರ್ಕಾರರು ಕಲ್ಕತ್ತೆಯ ಪ್ರಸಿದ್ಧ ವೈದ್ಯರು. ಈ ದೇಶದವರು ವಿಜ್ಞಾನವನ್ನು ಕೇವಲ ಓದಿ ಒಪ್ಪಿಸದೆ ಸ್ವಂತವಾಗಿ ಬೆಳೆಸಬೇಕು, ಅದಕ್ಕಾಗಿ ಈ ದೇಶದವರೇ ನಡೆಸುವ ಒಂದು ಸ್ಥಾನ ಬೇಕು ಎಂಬ ಹಂಬಲದಿಂದ, ಊರಿನ ಧನಿಕರಿಂದ ಚಂದಾ ಎತ್ತಿ, ೧೮೭೬ರಲ್ಲಿ ಇದನ್ನು ಸ್ಥಾಪಿಸಿದರು. ಉಪನ್ಯಾಸಗಳೇನೋ ನಡೆದುವು, ಉಪಕರಣಗಳೂ ಬಂದುವು, ಆದರೆ ಅವುಗಳ ಮುಂದೆ ಕುಳಿತು ಹೊಸದನ್ನು ಹುಡುಕುವವರು ಬರಲಿಲ್ಲ. ಆ ಕೊರಗಿನಲ್ಲಿಯೇ ಮಹೇಂದ್ರಲಾಲರು ೧೯೦೪ರಲ್ಲಿ ತೀರಿಕೊಂಡರು. ಅವರು ಕಾದಿದ್ದ ಮನುಷ್ಯನು ಮೂರು ವರ್ಷ ತಡವಾಗಿ ಬಂದನು. ಅಮೃತಲಾಲರು ಆತನಿಗೆ ಪ್ರಯೋಗಶಾಲೆಯನ್ನು ಒಪ್ಪಿಸಿಕೊಟ್ಟರು.

ಅಂದಿನಿಂದ ರಾಮನ್ನರ ದಿನಚರಿಯು ಹೀಗೆ ನಡೆಯಿತು. ಬೆಳಗ್ಗೆ ಐದೂವರೆ ಗಂಟೆಗೆ ಸಂಘಕ್ಕೆ ಹೋಗುವುದು. ಒಂಬತ್ತೂಮುಕ್ಕಾಲಕ್ಕೆ ಮನೆಗೆ ಬಂದು ಸ್ನಾನ ಮಾಡಿ, ಅವಸರವಸರವಾಗಿ ಊಟ ಮುಗಿಸಿ, ಬಾಡಿಗೆಯ ಗಾಡಿಯನ್ನು ಹಿಡಿದು ಕಚೇರಿಗೆ ಧಾವಿಸುವುದು. ಸಂಜೆ ಐದಕ್ಕೆ ಕಚೇರಿ ಬಿಟ್ಟೊಡನೆ ಮನೆಗೆ ಹೋಗದೆ ನೇರವಾಗಿ ಸಂಘಕ್ಕೆ ಬರುವುದು. ರಾತ್ರಿ ಒಂಬತ್ತೂವರೆ ಹತ್ತರ ಹೊತ್ತಿಗೆ ಮನೆ. ಭಾನುವಾರವಾದರೆ ದಿನವೆಲ್ಲ ಸಂಘದಲ್ಲಿಯೇ. ಲೆಕ್ಕ ಹಾಕಿ ನೋಡಿದರೆ ವಿಜ್ಞಾನಕ್ಕೆ ದಿನವೊಂದಕ್ಕೆ ಎಂಟೂವರೆ ಗಂಟೆಗೂ ಹೆಚ್ಚಾಗಿ ಸಂದಿತು. ಕಚೇರಿಗೆ ಸಂದುದು ಅದಕ್ಕಿಂತ ಕಡಮೆ. ಜೀವನೋಪಾಯದ ಕೆಲಸವು ಹಗಲಿನ ನಡುಭಾಗವನ್ನು ಮಾತ್ರ ಕೇಳುತ್ತದೆ. ಎರಡು ತುದಿಗಳು ನಮ್ಮವೇ ಎಂಬುದನ್ನು ಈ ಲೆಕ್ಕಾಧಿಕಾರಿಯು ಕಂಡುಕೊಂಡನು. ಹಾಗೆಂದು ಕಚೇರಿಯ ಕೆಲಸವನ್ನು ಅಲಕ್ಷಿಸಲಿಲ್ಲ. ಮೇಲಧಿಕಾರಿಗಳಲ್ಲಿ ಅವರಿಗೆ ದಕ್ಷನೆಂಬ ಹೆಸರೇ ಇದ್ದಿತು. ಎರಡು ದೋಣಿಗಳಲ್ಲಿ ಕಾಲಿಟ್ಟವನು ಮುಳುಗುವನೆಂಬ ಗಾದೆಯು ಸುಳ್ಳಲ್ಲ. ಆದರೆ ಒಂದೊಂದು ದೋಣಿಗೂ ಒಂದೊಂದು ಹೊತ್ತನ್ನು ಗೊತ್ತುಮಾಡಿಕೊಂಡವನು ಎರಡರಲ್ಲಿಯೂ ಕಾಲಿಟ್ಟಂತಾಗುವುದಿಲ್ಲ.

ಕಾಲವನ್ನು ಉಳಿಸುವ ಉಪಾಯಗಳನ್ನೂ ಅವರು ಬಿಡಲಿಲ್ಲ. ಸ್ವಲ್ಪ ಕಾಲದ ಮೇಲೆ ಸಂಘಕ್ಕೆ ಅಂಟಿಕೊಂಡಿದ್ದ ಮನೆಯನ್ನೇ ಬಾಡಿಗೆಗೆ ಹಿಡಿದು, ನಡುವೆ ಒಂದು ಬಾಗಿಲನ್ನಿಡಿಸಿದರು; ದಾರಿಯಲ್ಲಿ ಕಳೆಯುವ ಹೊತ್ತು ಉಳಿಯಿತು. ಆರಿಸಿಕೊಂಡ ವಿಷಯಗಳಾದರೂ ಅವರ ಸ್ಥಿತಿಗೆ ಒಪ್ಪುವಂಥವು. ಮೀಟಿದ ತಂತಿಯು ಹೇಗೆ ಕಂಪಿಸುತ್ತದೆ, ಕಮಾನು ತಾಗಿದಾಗ ಪಿಟೀಲಿನ ತಂತಿಯು ಏನಾಗುತ್ತದೆ, ಏಕತಾರಿಯ ನಾದದ ಮರ್ಮವೇನು ಎಂಬ ಪ್ರಶ್ನೆಗಳಿಗೆ ಭಾರಿ ಯಂತ್ರಗಳು ಬೇಕಿರಲಿಲ್ಲ. ಬೆಳಗ್ಗೆ ನಿಲ್ಲಿಸಿದ ಪ್ರಯೋಗವನ್ನು ಸಂಜೆ ಮುಂದುವರಿಸಬಹುದಾಗಿದ್ದಿತು. ಈ ವ್ಯಾಸಂಗವೇ ಮುಂದೆ ವೀಣೆ, ತಂಬೂರಿ, ಮೃದಂಗಗಳ ನಾದದ ಮೇಲೆ ಅವರು ಬರೆದ ಲೇಖನಗಳಿಗೆ ತಳಹದಿಯಾಯಿತು. ಇದ್ದ ಕಾಲಕ್ಕೂ ಇದ್ದ ಉಪಕರಣಕ್ಕೂ ತಕ್ಕ ಪ್ರಶ್ನೆಯನ್ನು ಆರಿಸಿಕೊಳ್ಳುವುದು ಕೂಡ ಕಾಲವನ್ನಾಳುವ ವಿದ್ಯೆಯ ಒಂದು ಮುಖ್ಯಭಾಗವೆಂದು ನಮಗೆ ತೋರುತ್ತದೆ.

ನಡುವೆ ವಿಘ್ನಗಳೂ ಬಂದುವು. ೧೯೦೯ರಲ್ಲಿ ಸರ್ಕಾರವು ಅವರನ್ನು ರಂಗೂನಿಗೆ ವರ್ಗಮಾಡಿತು, ೧೯೧೦ರಲ್ಲಿ ನಾಗಪುರಕ್ಕೆ. ಬೌಬಜಾರಿನ ಬಾಗಿಲು ದೂರವಾಯಿತು. ಮನೆಯ ಕೊಠಡಿಯನ್ನೇ ಪ್ರಯೋಗಶಾಲೆಯನ್ನಾಗಿ ಮಾಡಿಕೊಂಡು ಅವರು ಕೆಲಸವನ್ನು ಸಾಗಿಸಿದರು. ೧೯೧೧ರಲ್ಲಿ ಕಲ್ಕತ್ತೆಗೆ ಹಿಂದಿರುಗಿದಾಗ ಮೊದಲಿನ ದಿನಚರಿಯೇ ಮತ್ತೆ ಆರಂಭವಾಯಿತು. ೧೯೧೨ರಲ್ಲಿ ಕರ್ಜನ್ ಪಾರಿತೋಷಕವೂ ೧೯೧೩ರಲ್ಲಿ ವುಡ್‌ಬರ್ನ್ ಪದಕವೂ ಬಂದುವು. ಹತ್ತು ವರ್ಷಗಳಲ್ಲಿ ಅವರು ಪ್ರಕಟಿಸಿದ ಲೇಖನಗಳು ಇಪ್ಪತ್ತನ್ನು ಮೀರಿದುವು. ಅವೆಲ್ಲ ಸರ್ಕಾರೀ ಅಧಿಕಾರಿಯೊಬ್ಬನ ಬಿಡುವಿನ ವೇಳೆಯ ಫಲ.

ಇವುಗಳನ್ನು ಗಮನಿಸುತ್ತಿದ್ದವರು ಕಲ್ಕತ್ತಾ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದ ಸರ್ ಅಶುತೋಷ ಮುಖರ್ಜಿಯವರು. ತಾರಕನಾಥ ಪಾಲಿತರು, ರಾಸಬಿಹಾರಿ ಘೋಷರು ಎಂಬ ಇಬ್ಬರು ವಕೀಲರ ಉದಾರವಾದ ದಾನಗಳಿಂದ ಮುಖರ್ಜಿಯವರು ವಿಜ್ಞಾನದ ಕಾಲೇಜೊಂದನ್ನು ಕಟ್ಟುತ್ತಿದ್ದರು. ೧೯೧೪ನೆಯ ಮಾರ್ಚಿಯಲ್ಲಿ ಅದರ ಅಸ್ತಿಭಾರವನ್ನಿಟ್ಟಾಗಲೇ, ಪಾಲಿತರ ಹೆಸರಿನ ಭೌತಶಾಸ್ತ್ರದ ಪೀಠಕ್ಕೆ ರಾಮನ್ನರು ಗೊತ್ತಾಗಿದ್ದರು. ಆದರೆ ದಾನಪತ್ರದಲ್ಲಿ ತೊಡಕೊಂದಿದ್ದಿತು: ಪ್ರಾಧ್ಯಾಪಕನಾಗುವವನು ಹೊರದೇಶದಲ್ಲಿ ಶಿಕ್ಷಣ ಪಡೆದಿರಬೇಕು. ಕಲಿಯುವುದಕ್ಕಾಗಿ ಹೊರದೇಶಕ್ಕೆ ಹೋಗಲು ರಾಮನ್ನರು ಒಪ್ಪಲಿಲ್ಲ. ತಾವು ಮಾಡಿದ ಕೆಲಸವೇ ತಮ್ಮ ಯೋಗ್ಯತೆಗೆ ಸಾಕ್ಷಿಯೆಂಬುದು ಅವರ ನಿಲುವು. ಕಡೆಗೆ ಸಡಿಲವಾದುದು ನಿಬಂಧನೆಯೇ. ೧೯೧೭ರ ಜುಲೈ ತಿಂಗಳಲ್ಲಿ ಅವರು ಸರ್ಕಾರೀ ಕೆಲಸವನ್ನು ತ್ಯಜಿಸಿ ಪೀಠವನ್ನೇರಿದರು.

ಈ ತ್ಯಾಗವು ಮಾತಿನ ಅಲಂಕಾರವಲ್ಲ. ಹೊಸ ವೇತನವು ಹಳೆಯದರ ಸುಮಾರು ಅರ್ಧದಷ್ಟು. ಹಣಕಾಸಿನ ಇಲಾಖೆಯಲ್ಲಿ ಮುಂದೆ ಏರಬಹುದಾಗಿದ್ದ ಮೆಟ್ಟಿಲುಗಳಾದರೂ ಬಹಳ ಎತ್ತರದವು. ಇಲ್ಲಿ ಗೃಹಸ್ಥರಾದ ವಾಚಕರು ಕೇಳತಕ್ಕ ಪ್ರಶ್ನೆಯೊಂದುಂಟು: ಇದು ಸಾಹಸವೋ, ದುಡುಕೋ? ನಮ್ಮ ಉತ್ತರವಿಷ್ಟು. ೧೯೦೭ರಲ್ಲಿಯೇ ಬಿಟ್ಟಿದ್ದರೆ ಅದು ದುಡುಕಾಗುತ್ತಿದ್ದಿತು. ಏಕೆಂದರೆ ಆಗ ಹೋಗಿ ನಿಲ್ಲುವುದಕ್ಕೆ ನೆಲವೇ ಇರಲಿಲ್ಲ. ಹತ್ತು ವರ್ಷಗಳ ಬೆಳಗು ಬೈಗುಗಳಲ್ಲಿ ಅವರು ಆ ನೆಲವನ್ನು ಹದಮಾಡಿಕೊಂಡರು. ಆಹ್ವಾನ ಬಂದ ಮೇಲೂ ಮೂರು ವರ್ಷ ಕಾದರು. ಕೆಲಸವನ್ನು ಬಿಟ್ಟುದರಿಂದ ಅವರು ವಿಜ್ಞಾನಿಯಾಗಲಿಲ್ಲ. ವಿಜ್ಞಾನಿಯಾಗಿಬಿಟ್ಟಿದ್ದುದರಿಂದ ಕೆಲಸವನ್ನು ಬಿಟ್ಟರು.

ಮುಂದಿನ ಕಥೆ ಲೋಕವಿದಿತ. ಪ್ರಾಧ್ಯಾಪಕರಾದ ಮೇಲೂ ಅವರು ಬೌಬಜಾರಿನ ಪ್ರಯೋಗಶಾಲೆಯನ್ನು ತೊರೆಯಲಿಲ್ಲ. ೧೯೧೯ರಲ್ಲಿ ಅಮೃತಲಾಲರು ಗತಿಸಿದಾಗ ಸಂಘದ ಗೌರವ ಕಾರ್ಯದರ್ಶಿಯ ಹೊಣೆಯನ್ನೂ ಹೊತ್ತರು. ೧೯೨೧ರ ಸಮುದ್ರಯಾನದಲ್ಲಿ ಮೆಡಿಟರೇನಿಯನ್ನಿನ ನೀಲವನ್ನು ಕಂಡು ಎದ್ದ ಪ್ರಶ್ನೆಯು, ಶಿಷ್ಯರಾದ ಕೃಷ್ಣನ್ ಮೊದಲಾದವರ ಸಹಕಾರದಿಂದ ಬೆಳೆದು, ೧೯೨೮ನೆಯ ಫೆಬ್ರವರಿ ೨೮ರಂದು ಅದೇ ಕಟ್ಟಡದಲ್ಲಿ ಫಲಿಸಿತು. ಮಾರ್ಚ್ ೧೬ರಂದು ಆ ಹೊಸ ಬೆಳಕಿನ ವಿಷಯವಾಗಿ ಅವರು ಉಪನ್ಯಾಸ ಮಾಡಿದುದು ನಮ್ಮ ಬೆಂಗಳೂರಿನಲ್ಲಿ. ೧೯೩೦ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. ೧೯೩೩ರಲ್ಲಿ ಅವರು ಬೆಂಗಳೂರಿನ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದು ಈ ನಾಡಿನವರೇ ಆದರು. ೧೯೪೮ರಲ್ಲಿ ಇಲ್ಲಿಯೇ ತಮ್ಮ ಸಂಶೋಧನಾಲಯವನ್ನು ಸ್ಥಾಪಿಸಿ, ೧೯೭೦ರಲ್ಲಿ ಇಲ್ಲಿಯೇ ದೇಹವನ್ನು ಬಿಟ್ಟರು.

ಇಷ್ಟನ್ನು ಹೇಳಿ, ಇದನ್ನು ಅನುಕರಿಸಿರಿ ಎಂದು ಮುಗಿಸುವುದು ಸುಲಭ. ಆದರೆ ಅದು ಪೂರ್ಣ ಸತ್ಯವಾಗಲಾರದು. ಬೆಳಗಿನಿಂದ ರಾತ್ರಿಯವರೆಗೆ ಮನೆಯಲ್ಲಿ ಇಲ್ಲದ ಗಂಡ; ಪರಭಾಷೆಯ ದೊಡ್ಡ ಊರು; ಹೊಸದಾಗಿ ಮದುವೆಯಾಗಿ ಬಂದ, ಇನ್ನೂ ಬಾಲೆಯೆನ್ನಬಹುದಾದ ಲೋಕಸುಂದರಿ. ರಾಮನ್ನರಿಗೆ ಉಳಿದ ಒಂದೊಂದು ಗಂಟೆಯಲ್ಲಿಯೂ ಆಕೆಯ ಭಾಗವಿದ್ದಿತು. ಒಂಬತ್ತೂಮುಕ್ಕಾಲಕ್ಕೆ ಎಲೆಯ ಮುಂದೆ ಊಟವು ಸಿದ್ಧವಾಗಿರದಿದ್ದರೆ ಆ ದಿನಚರಿಯು ಒಂದು ವಾರವೂ ನಿಲ್ಲುತ್ತಿರಲಿಲ್ಲ. ಚರಿತ್ರೆಯು ಪುರುಷನ ಗಂಟೆಗಳನ್ನು ಎಣಿಸಿಟ್ಟಿದೆ. ಆ ಗೃಹಿಣಿಯ ಗಂಟೆಗಳನ್ನು ಎಣಿಸಿಲ್ಲ. ತನ್ನ ಮನಸ್ಸಿನ ಕೆಲಸಕ್ಕೆ ಹೊತ್ತನ್ನು ಹುಡುಕುವವನು, ಅದು ಯಾರ ಹೊತ್ತಿನಿಂದ ಬರುತ್ತಿದೆಯೆಂಬುದನ್ನೂ ವಿಚಾರಿಸಿಕೊಳ್ಳುವುದು ನ್ಯಾಯ.

ಇನ್ನೊಂದು ಮಾತು. ರಾಮನ್ನರಿಗೆ ಸಂಕಲ್ಪವಿದ್ದಿತು, ಮೇಧಾಶಕ್ತಿಯಿದ್ದಿತು. ಎಲ್ಲಕ್ಕೂ ಮೇಲಾಗಿ ಬೆಳಗಿನ ಐದೂವರೆಗೆ ತೆರೆಯುವ ಒಂದು ಬಾಗಿಲಿದ್ದಿತು. ಅದನ್ನು ಸರ್ಕಾರವಾಗಲಿ ವಿಶ್ವವಿದ್ಯಾನಿಲಯವಾಗಲಿ ಕಟ್ಟಿರಲಿಲ್ಲ. ಊರಿನವರು ಚಂದಾ ಕೂಡಿಸಿ ಕಟ್ಟಿದ್ದರು. ಮೂವತ್ತು ವರ್ಷಗಳವರೆಗೆ ಅದು ವ್ಯರ್ಥವಾದ ಶ್ರಮವೆಂದೇ ತೋರಿದ್ದಿತು. ಕಚೇರಿಯವರು, ಉಪಾಧ್ಯಾಯರು, ವಕೀಲರು ತಮ್ಮ ಬಿಡುವಿನ ವೇಳೆಯಲ್ಲಿ ಸೇರಿ ನಡೆಸುವ ನಮ್ಮ ಜಿಲ್ಲೆಯ ಸಂಘದಂತಹ ಸಂಸ್ಥೆಗಳಿಗೆ ಇದರಲ್ಲಿ ಸಮಾಧಾನವೂ ಉಂಟು, ಎಚ್ಚರಿಕೆಯೂ ಉಂಟು. ನಮ್ಮ ವಾಚನಾಲಯದ ಬೀರುಗಳಿಗೆ ಬೀಗ ಹಾಕಿ, ಕಚೇರಿಯ ವೇಳೆಯಲ್ಲಿ ಮಾತ್ರ ತೆರೆದಿಡುವುದಾದರೆ, ಕಚೇರಿಯಲ್ಲಿರುವವನಿಗೆ ಅದು ಎಂದೂ ತೆರೆದಂತಾಗುವುದಿಲ್ಲ. ಬೆಳಗಿನ ಹೊತ್ತೂ ಸಂಜೆಯ ಹೊತ್ತೂ ಆ ಬಾಗಿಲನ್ನು ತೆರೆದಿಡಬೇಕಾದುದು ನಮ್ಮ ಕೆಲಸ. ಅದನ್ನು ತಟ್ಟುವವನು ಯಾವಾಗ ಬರುವನೋ ಹೇಳಲಾಗದು. ಬಂದಾಗ ಒಳಗಿನಿಂದ ಯಾರಾದರೂ ಓಗೊಡುವಂತಿರಬೇಕು.